ಗಾದಿಯ ಮೇಲಿನ ಶಲ್ಯ

"ಅಲ್ಲಿ ಕುಂದ್ರಬ್ಯಾಡ್ರಿ ಸಾಹೇಬ್ರ. ಅಲ್ಲಿ ಅವರು ಕುಂತಾರ."

ಗಾದಿಯ ಮೇಲೆ ಕೂರಲೆಂದು ಮೊಣಕಾಲು ಮಡಿಚಿದ್ದ ಶಂಭುಲಿಂಗ ಅರ್ಧದಲ್ಲೇ ನಿಂತರು. ಗಾದಿಯಲ್ಲಿ ಯಾರೂ ಇರಲಿಲ್ಲ. ಲೋಡಿಗೆ ಆನಿಸಿ ಕೆಂಪಂಚಿನ ಬಿಳಿ ಶಲ್ಯವೊಂದನ್ನು ಮಡಿಚಿಡಲಾಗಿತ್ತು, ಅಷ್ಟೆ.

ಮಾತಾಡಿದ ಗದಿಗೆವ್ವನೇ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು 'ಅವರು' ಎಂದದ್ದು ತನ್ನ ಗಂಡ ಸಿದ್ದಲಿಂಗಪ್ಪನವರನ್ನು. ಅವರು ಕೊಲೆಯಾಗಿ ತಿಂಗಳ ಮೇಲಾಗಿತ್ತು.

"ಶಿವನಽ, ಬಾಯಿ ತಪ್ಪಿ ಬಂತ್ರಿ. ಮದಿವ್ಯಾಗಿ ಬಂದ ದಿನದಿಂದ ಅಂದು ಅಂದು ರೂಢಿ ಆಗೈತಿ."

"ಏನು ರೂಢಿ, ಅಕ್ಕಾರ?"

ಬ್ಯಾಡಗಿಯ ಪೇಟೆಯಲ್ಲಿ ಅಂದು ಟೆಂಡರಿನ ದಿನ. ಮೆಣಸಿನಕಾಯಿಯ ಘಾಟು ಬಾಗಿಲ ಸಂದಿಯಿಂದ ನುಗ್ಗಿ ರಾಣೇಬೆನ್ನೂರಿನಿಂದ ಬಂದ ಶಂಭುಲಿಂಗರ ಮೂಗು ಕಣ್ಣು ಒಂದು ಮಾಡಿತ್ತು. ಗದಿಗೆವ್ವನಿಗೆ ಅದರ ಪರಿವೆಯೇ ಇರಲಿಲ್ಲ.

"ನಮ್ಮ ಮಾವಾರ ಕಾಲದಿಂದ ಬಂದದ್ದು. ಹಿರ್ಯಾ ಊರಾಗ ಇಲ್ಲಂದ್ರ ಗಾದಿ ಬರಿದು ಬಿಡಬಾರದು ಅಂತ. ತನ್ನ ಶಲ್ಯ ಇಟ್ಟು ಹೋಗೋದು. ಶಲ್ಯ ಐತಿ ಅಂದ್ರ ಹಿರ್ಯಾ ಕುಂತಂಗ. ಖರೀದಿಗೆ ಬಂದಾವ್ರು ಅದಕ್ಕಽ ಕೈ ಮುಗಿದು, 'ದಣೇರ, ಮಾಲು ಒಯ್ತೇನ್ರಿ' ಅಂತಿದ್ರು." ಅವಳ ಮುಖದಲ್ಲಿ ಒಂದು ಗಳಿಗೆ ನಗು ಹಾದುಹೋಯಿತು. "ಒಂದ್ಸಲ ಅವರಽ ಬಂದು ಬಾಗಲಾಗ ನಿಂತಾರ. ನಮ್ಮ ಹಮಾಲ ಅವರ ಕಡೆ ಹೊಳ್ಳಿ ಸೈತ ನೋಡವಲ್ಲ, ಶಲ್ಯದ ಮುಂದ ನಿಂತು ರಜಾ ಕೇಳಾಕತ್ಯಾನ!"

ಶಂಭುಲಿಂಗ ನಗಲಿಲ್ಲ.

"ಅಕ್ಕಾರ, ಅವರು ತೀರಿಕೊಂಡ ದಿನ ಈ ಶಲ್ಯ ಎಲ್ಲಿತ್ತು?"

"ಇಲ್ಲೇ. ಮುಂಜಾನೆ ಇಟ್ಟು ಹೋದ್ರು. 'ಐರಣಿಗೆ ಹೋಗಿ ಹೊಳಿ ಸ್ನಾನ ಮಾಡ್ಕೊಂಡು ಬರ್ತೇನಿ' ಅಂದ್ರು. ಆ ಮ್ಯಾಲೆ ನಾ ಮುಟ್ಟಿಲ್ಲ. ಯಾರಿಗೂ ಮುಟ್ಟಗೊಟ್ಟಿಲ್ಲ."

"ಸಂಜಿಮುಂದ ನಿಮ್ಮ ಕಂಪನಿ ಸಭಾ ಇಲ್ಲೇ ನಡೀತು. ಅದಕ್ಕ ಅವರು ಬಂದಿದ್ರು ಅಂತ ವಕೀಲ್ರು ಬರದಾರ."

"ನಾ ಹಿಂದ ಮನ್ಯಾಗಿದ್ದೆ. ಬಂದು ಹೋಗಿರಬೇಕು ಅಂದ್ಕೊಂಡೆ."

"ಬಂದು ಹೋದಾವ್ರು ಶಲ್ಯ ಇಲ್ಲೇ ಬಿಟ್ಟು ಹೋಗ್ತಿದ್ರೇನು?"

ಗದಿಗೆವ್ವ ಶಲ್ಯದತ್ತ ನೋಡಿದಳು.

"ಇಲ್ರಿ," ಎಂದಳು. "ಗಾದಿಗೆ ಬಂದ್ರಂದ್ರ ಶಲ್ಯ ಹೆಗಲಿಗೆ ಹೋಗ್ತಿತ್ತು. ಶಲ್ಯ ಇಲ್ದ ಬಾಗಲಾ ದಾಟಿದಾವ್ರಲ್ಲ. ಗಾದಿಗೆ ಇಟ್ಟು ಹೋದಾಗಷ್ಟ ಬರಿ ಹೆಗಲಲೆ ಹೋಗಾವ್ರು."

ಕಂಪನಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲಗಳ ಹಿಂದೆ ಸಿಕ್ಕ ಹೆಣದ ಹೆಗಲೂ ಬರಿದಾಗಿತ್ತು. ಶಂಭುಲಿಂಗ ಅದನ್ನು ತಮ್ಮ ಕಣ್ಣಿನಿಂದಲೇ ಕಂಡಿದ್ದರು. ಹಲ್ಲು ಕಟಕಟ ಎನ್ನುವ ಆ ಥಂಡಿಯಲ್ಲಿ ಒಬ್ಬ ಮುದುಕ ಮೈಮೇಲೆ ಏನೂ ಹೊದೆಯದೆ ಏಕೆ ಹೋದ ಎಂದು ಅವರು ಆಗ ಕೇಳಿಕೊಳ್ಳಲಿಲ್ಲ.

ಕೇಳಿಕೊಂಡಿದ್ದರೆ ಅಲ್ಲಿ ಕೆಲಸಕ್ಕಿದ್ದ ಮಹಮ್ಮದಗೌಸ ಇಂದು ಜೈಲಿನಲ್ಲಿ ಇರುತ್ತಿರಲಿಲ್ಲ.

*

ಹಾವೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಶಂಭುಲಿಂಗ ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸಲು ನೋಡಿದರು. ನಾಲಿಗೆ ಮಂತ್ರ ಹೇಳುತ್ತಿತ್ತು; ಮನಸ್ಸು ಬೇರೆಯ ಲೆಕ್ಕ ಮಾಡುತ್ತಿತ್ತು.

ಲೆಕ್ಕ ಸರಳವಾಗಿತ್ತು. ಥಂಡಿಯ ಕೋಣೆಯಲ್ಲಿ ಬಿದ್ದಿದ್ದ ಹೆಣ ಯಾವಾಗ ಹೆಣವಾಯಿತೆಂದು ಡಾಕ್ಟರರಿಗೆ ಹೇಳಲಾಗಲಿಲ್ಲ. ಮಧ್ಯಾಹ್ನವೂ ಇರಬಹುದು, ರಾತ್ರಿಯೂ ಇರಬಹುದು ಎಂದರು. ತಲೆಯ ಹಿಂದೆ ಬಿದ್ದ ಪೆಟ್ಟಿಗೆ ಗಡಿಯಾರವಿಲ್ಲ. ಹೀಗಾಗಿ ಕಂಪನಿಯ ಸಭೆಯೇ ಗಡಿಯಾರವಾಯಿತು. ಸಂಜೆಯ ಸಭೆಗೆ ಸಿದ್ದಲಿಂಗಪ್ಪ ಹಾಜರು ಎಂದು ವಕೀಲರು ಬರೆದಿದ್ದರು. ಹಾಗಾದರೆ ಕೊಲೆ ಸಭೆಯ ನಂತರವೇ ಆಗಿರಬೇಕು. ಸಭೆಯ ನಂತರ ಕೋಲ್ಡ್ ಸ್ಟೋರೇಜಿನೊಳಗೆ ಹೋದವನು ಮಶಿನ್ ನೋಡಿಕೊಳ್ಳುವ ಮಹಮ್ಮದಗೌಸ ಒಬ್ಬನೇ.

ಅದೇ ದಿನ ಬೆಳಗಿನಿಂದ ಸಂಜೆಯವರೆಗೆ ಮಹಮ್ಮದಗೌಸ ರಾಣೇಬೆನ್ನೂರಿನ ಆಸ್ಪತ್ರೆಯಲ್ಲಿದ್ದ. ಅವನ ಹೆಂಡತಿಗೆ ಅಂದು ಹೆರಿಗೆ. ದಾದಿಯರು, ಡಾಕ್ಟರು, ಪಕ್ಕದ ಹಾಸಿಗೆಯವರು, ಎಲ್ಲರೂ ಅವನನ್ನು ಕಂಡವರು. ಕೊಲೆ ಸಭೆಗಿಂತ ಮೊದಲು ಆಗಿದ್ದರೆ ಅವನಷ್ಟು ನಿರಪರಾಧಿ ಇನ್ನೊಬ್ಬನಿಲ್ಲ.

'ಸಭೆಯ ನಂತರ ಒಳಗೆ ಹೋದವನು ಇವನೊಬ್ಬನೇ' ಎಂದು ಪೊಲೀಸರಿಗೆ ಮೊದಲು ಹೇಳಿದವರು ಯಾರು? ನಿವೃತ್ತ ಇನ್ಸ್‌ಪೆಕ್ಟರ್ ಶಂಭುಲಿಂಗ. ಸತ್ತವರ ಹೆಂಡತಿ ಕರೆಸಿದ್ದಳೆಂದು ಬಂದು, ಎರಡೇ ದಿನದಲ್ಲಿ ಪತ್ತೆ ಹಚ್ಚಿದೆನೆಂದು ಬೆನ್ನು ತಟ್ಟಿಸಿಕೊಂಡ ಜಾಣ.

ಪೊಲೀಸ್ ಜೀಪು ಹತ್ತುವಾಗ ಮಹಮ್ಮದಗೌಸ ಅವರತ್ತ ನೋಡಿದ್ದ. ಕಿರುಚಲಿಲ್ಲ, ಬೈಯಲಿಲ್ಲ. "ಕೂಸಿಗೆ ಹೆಸರಿಟ್ಟಿಲ್ರಿ ಸಾಹೇಬ್ರ," ಎಂದಷ್ಟೇ ಹೇಳಿದ್ದ. ಅಂದು ಅದು ನಟನೆ ಎಂದುಕೊಂಡಿದ್ದರು. ಈಗ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಅಂಗೈಯ ಲಿಂಗಕ್ಕಿಂತ ಮೊದಲು ಆ ಮುಖ ಎದುರಿಗೆ ಬರುತ್ತಿತ್ತು.

ಮೋಟೆಬೆನ್ನೂರು ದಾಟಿ ಬಸ್ಸು ಹೆದ್ದಾರಿ ಹಿಡಿಯಿತು. ಜಪ ಎಲ್ಲಿ ತಪ್ಪಿತೆಂಬುದೂ ಅವರಿಗೆ ತಿಳಿಯಲಿಲ್ಲ.

*

ವಕೀಲ ಋಷಿಕೇಶನ ಮನೆ ಹಾವೇರಿಯ ಕೋರ್ಟಿಗೆ ಕೂಗಳತೆಯಲ್ಲಿತ್ತು. ಮುಂದಿನ ಕೋಣೆಯೇ ಕಚೇರಿ. ಗೋಡೆಯ ಮೇಲೆ ಅವನ ತಂದೆ ಅಣ್ಣಾಜಿಯವರ ಫೋಟೋ. ಕರಿ ಕೋಟು, ಹಣೆಯ ಮೇಲೆ ಗಂಧ ಅಕ್ಷತೆ. ಸಿದ್ದಲಿಂಗಪ್ಪನವರ ಅಂಗಡಿಗೆ ಅವರ ಕಾಲದಿಂದಲೂ ಈ ಮನೆಯವರೇ ವಕೀಲರು.

ಬಾಗಿಲು ತೆರೆದವರು ಅಣ್ಣಾಜಿಯವರ ಹೆಂಡತಿ ಗೋದೂಬಾಯಿ.

"ಯಾರು, ಶಂಭೂನ? ಬಾರಪಾ. ಪೊಲೀಸ್ ಕೆಲಸ ಬಿಟ್ರೂ ಮಂದಿ ಮನಿಗೆ ಹೊತ್ತಿಲ್ಲದ ಹೊತ್ತಿನ್ಯಾಗ ಬರೂ ಚಟಾ ಬಿಟ್ಟಿಲ್ಲೇನು?"

"ಚಟಾ ಹಂಗ ಬಿಡ್ತಾವೇನ್ರಿ ಅವ್ವಾರ? ಋಷಿ ಅದಾನೇನ್ರಿ?"

"ಇದ್ದಾನ. ಇದ್ದೂ ಇಲ್ಲಧಂಗಿದ್ದಾನ." ಮುದುಕಿ ದನಿ ತಗ್ಗಿಸಿದರು. "ಒಂದು ತಿಂಗಳಾತು, ಸಂಧ್ಯಾವಂದನಿಗೆ ಕೂಡವಲ್ಲ. ಮುಂಜಿವಿ ಆದಾಗಿಂದ ಒಂದು ದಿನ ತಪ್ಪಿಸಿದಾಂವ ಅಲ್ಲ. ಯಾಕೋ ಅಂದ್ರ, 'ಅರ್ಘ್ಯ ಕೊಡೂ ಮುಂದ ಕೈ ನಡಗ್ತದ' ಅಂತಾನ. ನಲವತ್ತೈದು ವರ್ಷದಾವಗ ಕೈ ನಡಗೂದಂದ್ರ ಏನು? ಡಾಕ್ಟರಿಗೆ ತೋರಸು ಅಂತ ನೀನಾದ್ರೂ ಹೇಳು."

ಶಂಭುಲಿಂಗ ಚಪ್ಪಲಿ ಕಳಚಿದರು. ಕೈ ನಡುಗುವ ರೋಗ ಅವರಿಗೂ ಗೊತ್ತಿತ್ತು.

ಒಳಗೆ ಋಷಿಕೇಶ ಎದ್ದು ನಿಂತು ಕೈ ಮುಗಿದ. ಗಡ್ಡ ಬೆಳೆದಿತ್ತು. ಟೇಬಲ್ಲಿನ ಮೇಲೆ ಚಹಾ ಕೆನೆಗಟ್ಟಿ ಕುಳಿತಿತ್ತು.

"ಬರ್ರಿ ಶಂಭಣ್ಣಾ, ಕೂಡ್ರಿ."

"ಕುಂದ್ರಾಕ ಬಂದಿಲ್ಲ, ವಕೀಲ್ರ. ಒಂದಽ ಮಾತು ಕೇಳಬೇಕಾಗಿತ್ತು. ಅವತ್ತು ಸಭಾದಾಗ ಸಿದ್ದಲಿಂಗಪ್ಪಾರು ಕುಂತಿದ್ರೋ, ಅವರ ಶಲ್ಯ ಕುಂತಿತ್ತೋ?"

ಋಷಿಕೇಶ ಎದ್ದವನು ಹಾಗೆಯೇ ಕುಳಿತ. ಕುರ್ಚಿ ಎಲ್ಲಿದೆಯೆಂದು ನೋಡದೆ ಕುಳಿತಂತಿತ್ತು.

ಹೊರಗೆ ಗೋದೂಬಾಯಿ ತುಳಸಿಗೆ ನೀರು ಹಾಕುವ ಸಪ್ಪಳ ಕೇಳುತ್ತಿತ್ತು. ಅದು ನಿಂತ ಮೇಲೆ ಅವನು ಬಾಯಿ ಬಿಟ್ಟ.

"ಪಕ್ಷಗಾರನ ಗುಟ್ಟು ವಕೀಲ ಹೊರಗ ಹಾಕೂ ಹಂಗಿಲ್ಲ. ಸಾಕ್ಷ್ಯದ ಕಾಯ್ದೆನಽ ಅದ. ನಿಮಗೂ ಗೊತ್ತದ."

"ಗೊತ್ತೈತಿ. ನಿಮ್ಮ ಪಕ್ಷಗಾರ ಯಾರು?"

"ಕಂಪನಿ."

"ಕಂಪನಿ ಅಂದ್ರ ಕಿರಣಕುಮಾರನೇನು?"

ಕಿರಣಕುಮಾರ ಸಿದ್ದಲಿಂಗಪ್ಪನವರ ತಮ್ಮನ ಮಗ. ಆ ಕಂಪನಿಗೆ ಡೈರೆಕ್ಟರುಗಳು ಇಬ್ಬರೇ: ದೊಡ್ಡಪ್ಪ, ಇವನು. ಈಗ ಒಬ್ಬನೇ ಉಳಿದಿದ್ದ.

"ಅಲ್ಲ. ಕಿರಣನೂ ಅಲ್ಲ, ಸಿದ್ದಲಿಂಗಪ್ಪ ಕಾಕಾನೂ ಅಲ್ಲ. ಕಾಯ್ದೆದಾಗ ಕಂಪನಿ ಅಂದ್ರ ಬ್ಯಾರೆನಽ ಒಬ್ಬ ವ್ಯಕ್ತಿ. ಅದರ ಮಾಲಕರು ಬ್ಯಾರೆ, ಅದು ಬ್ಯಾರೆ."

"ಹೌದಲ್ಲಾ. ಕೈಯಿಲ್ಲ, ಕಾಲಿಲ್ಲ, ಬಾಯಿನೂ ಇಲ್ಲ ಅದಕ್ಕ. ಮತ್ತ ನಿಮಗ ಗುಟ್ಟು ಹೆಂಗ ಹೇಳ್ತು?"

ಋಷಿಕೇಶ ತಲೆ ತಗ್ಗಿಸಿದ.

"ನಿಮಗ ಯಾರೂ ಏನೂ ಹೇಳಿಲ್ಲ, ವಕೀಲ್ರ. ನೀವಽ ನಿಮ್ಮ ಕಣ್ಣಿಲೆ ನೋಡೀರಿ. ಕೆಲಸಕ್ಕ ಅಂತ ನೇಮಿಸಿದ ಮ್ಯಾಲೆ ವಕೀಲ ತಾನಽ ಕಂಡ ಮೋಸಕ್ಕ ಆ ಕಾಯ್ದೆ ಪಡದಾ ಹಾಕೂದಿಲ್ಲ. ಇದನ್ನ ಕೋರ್ಟಿನ್ಯಾಗ ನಾ ಪೊಲೀಸ್ ಇದ್ದಾಗ ಕಲಿಸಿದವರು ಯಾರು ಗೊತ್ತೈತೇನು?" ಶಂಭುಲಿಂಗ ಗೋಡೆಯ ಫೋಟೋದತ್ತ ಕೈ ಮಾಡಿದರು. "ಇವರು."

"ಅಪ್ಪನ ಹೆಸರು ತರಬ್ಯಾಡ್ರಿ, ಶಂಭಣ್ಣಾ."

"ತರದಽ ಏನು ಮಾಡ್ಲಿ? ನಿಮ್ಮ ಬರವಣಿಗಿ ನಾ ಕಣ್ಣು ಮುಚ್ಚಿ ನಂಬಿದ್ದು ಯಾಕ? ಅಣ್ಣಾಜಿ ವಕೀಲರ ಮಗಾ ಸುಳ್ಳು ಬರಿಯೂದಿಲ್ಲ ಅಂತ. ಅದರಾಗ ಸಿದ್ದಲಿಂಗಪ್ಪಾರ ಸಹಿ ಇರಲಿಲ್ಲ. ನೋಡಿದೆ. ಕೇಳಲಿಲ್ಲ. ನಾ ಕೇಳಲಾರದ್ದಕ್ಕ ಒಬ್ಬಾಂವ ಒಳಗ ಕುಂತಾನ."

ಋಷಿಕೇಶ ತಲೆಯೆತ್ತಿದ. ಬೈಯಲು ಬಂದವರು ತಮ್ಮನ್ನೇ ಬೈದುಕೊಳ್ಳುವುದನ್ನು ಅವನು ನಿರೀಕ್ಷಿಸಿರಲಿಲ್ಲ. ಆಮೇಲೆ ಕಟ್ಟೆ ಒಡೆದಂತೆ ಮಾತು ಹೊರಬಿತ್ತು.

"ಹೊರಗಿನ ಖರೀದಿಗೆ ಅವಕಾಶ ಕೊಟ್ಟು ಸರಕಾರ ಮಾರುಕಟ್ಟಿ ಕಾಯ್ದೆ ಬದಲಿ ಮಾಡ್ತಲ್ಲಾ, ಆವಾಗ ಅವರ ಹಳೇ ಪಾಲುದಾರಿ ಪೇಢಿನ ಕಂಪನಿ ಮಾಡಿಸಿದಾಂವ ನಾನಽ. ಪೇಟಿ ಬಿಟ್ಟು ಹೊರಗ ಕೋಲ್ಡ್ ಸ್ಟೋರೇಜ್ ಕಟ್ಟಿಸಿದ್ರು. ಆ ಮ್ಯಾಲೆ ಕಾಯ್ದೆ ಹಿಂದಕ ಹೋತು. ಕಿರಣ, 'ಇನ್ನ ಇದರಾಗ ಹುರುಳಿಲ್ಲ, ಹೊರಗಿನ ಕಂಪನಿಗೆ ಕೊಟ್ಟುಬಿಡೂಣು' ಅಂದ. ಕಾಕಾ, 'ನಂಬಿ ಮಾಲು ಇಟ್ಟ ಮಂದೀನ ಯಾರ ಕೈಯಾಗೋ ಒಪ್ಪಸಾಂವಲ್ಲ' ಅಂದ್ರು. ಅವತ್ತು ಆ ಠರಾವಿಗೇ ಸಭಾ ಕರದಿದ್ರು."

"ಇಬ್ಬರೂ ಕೂಡಿದ್ರಽ ಠರಾವು."

"ಹೌದು. ಒಬ್ಬಾಂವ ಡೈರೆಕ್ಟರ್ ಕೂತ್ರ ಅದು ಸಭಾನಽ ಅಲ್ಲ. ನಾ ಹೋದಾಗ ಗಾದಿ ಮ್ಯಾಲೆ ಶಲ್ಯ ಇತ್ತು. 'ಕಾಕಾ ಎಲ್ಲಿ?' ಅಂದೆ. ಕಿರಣ ನಕ್ಕು, 'ಕಾಣ್ಸವಲ್ರೇನು? ಕುಂತಾರಲ್ರಿ' ಅಂದ. 'ಐರಣಿಗೆ ಹೋಗ್ಯಾರ, ಕಡೀಕ ಹೂಂ ಅಂದಾರ, ನಾಳಿ ಸಹಿ ಹಾಕ್ತಾರ' ಅಂದ." ಅವನು ಕೈಯಿಂದ ಮುಖ ಒರೆಸಿಕೊಂಡ. "ನಮ್ಮಪ್ಪ ಆ ಅಂಗಡಿಗೆ ಹೋದಾಗ ಶಲ್ಯಕ್ಕ ನಮಸ್ಕಾರ ಮಾಡೇ ಒಳಗ ಹೋಗ್ತಿದ್ರು. ನಾನೂ ಸಣ್ಣಾಂವ ಇದ್ದಾಗಿಂದ ಮಾಡೀನಿ. ಅವತ್ತೂ ನಮಸ್ಕಾರ ಮಾಡಿದೆ. ಮಾಡಿ, 'ಹಾಜರು' ಅಂತ ಬರದೆ."

"ಪೇಢಿಗೆ ನಡೀತಿತ್ತು."

"ಪೇಢಿಗೆ ನಡೀತಿತ್ತು. ಒಬ್ಬ ಪಾಲುದಾರನ ಮಾತು ಎಲ್ಲಾರ ಮಾತು. ಕಂಪನಿಗೆ ನಡಿಯೂದಿಲ್ಲ. ಇದನ್ನ ಅವರಿಗೆ ತಿಳಿಸಿ ಹೇಳಬೇಕಾದಾಂವ ನಾನಽ. ತಿಳಿಸಿ ಹೇಳೂದು ಬಿಟ್ಟು ಶಲ್ಯಕ್ಕ ಕೈ ಮುಗಿದು ಬಂದೆ."

ಶಂಭುಲಿಂಗ ಈಗ ಕುಳಿತರು. ಸಿಟ್ಟು ಎಲ್ಲಿಗೋ ಹೋಗಿತ್ತು.

"ಆತು. ಬರಿಯೂ ಮುಂದ ತಪ್ಪು ಆತು. ಮರುದಿನ ಹೆಣಾ ಸಿಕ್ಕ ಮ್ಯಾಲರೆ ಹೇಳಬೇಕಿತ್ತಲ್ಲೋ ಋಷಿ?"

"ಹೇಳಬೇಕಂತನಽ ಹೊಂಟಿದ್ದೆ. ಕಿರಣ ಬಂದ. 'ಬರದದ್ದು ಬರದಾಗೈತಿ ವಕೀಲ್ರ. ಈಗ ಸುಳ್ಳು ಅಂದ್ರ ನಿಮ್ಮ ವಕೀಲಿ ಸನದು ಹೋಗ್ತೈತಿ, ಸತ್ತವರೇನು ಹೊಳ್ಳಿ ಬರಾಂಗಿಲ್ಲ' ಅಂದ. ಸನದು ಹೋದ ಮ್ಯಾಲೆ ಕರಿ ಕೋಟು ತಗದು ಅವ್ವನ ಮುಂದ ಹೆಂಗ ನಿಲ್ಲಲಿ ಅಂತ..." ಅವನು ಗೋಡೆಯ ಫೋಟೋದತ್ತ ನೋಡಿದ. "ಕಾಯ್ದೆ ನನ್ನ ಬಾಯಿ ಕಟ್ಟಿಲ್ಲ, ಶಂಭಣ್ಣಾ. ನಾನಽ ಕಟಗೊಂಡೀನಿ. ಪಕ್ಷಗಾರ, ಗುಟ್ಟು, ಎಲ್ಲಾ ನೆವ."

ಬಾಗಿಲಲ್ಲಿ ಬಳೆಯ ಸಪ್ಪಳವಾಯಿತು. ಗೋದೂಬಾಯಿ ಎರಡು ಲೋಟ ಚಹಾ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಅವರು ಒಳಗೆ ಬಂದು ಶಂಭುಲಿಂಗರ ಮುಂದೆ ಒಂದು ಲೋಟ ಇಟ್ಟರು. ಮಗನ ಮುಂದೆ ಇಡಲಿಲ್ಲ.

"ಬ್ಯಾರೆಯವರ ಮಗಾ ಒಳಗ ಕೂತಾನ ಅಂತೇನು?" ಎಂದರು.

"ಹೌದವ್ವಾ."

"ಅವಗೂ ಅವ್ವ ಇದ್ದಾಳೇನು?"

"ಇದ್ದಾಳಂತ."

"ಏಳು ಹಂಗಾರ. ಚಹಾ ಹೊಳ್ಳಿ ಬಂದು ಕುಡಿಯಂತಿ."

*

ತನಿಖೆ ನಡೆಸುತ್ತಿದ್ದ ಅಧಿಕಾರಿಯ ಕಚೇರಿಯೂ ಹಾವೇರಿಯಲ್ಲೇ. ಋಷಿಕೇಶ ಕೋಟು ಹಾಕಿಕೊಳ್ಳದೆ ಬಿಳಿ ಅಂಗಿಯಲ್ಲೇ ಒಳಗೆ ಹೋದ. ಒಬ್ಬನೇ ಹೋಗುತ್ತೇನೆ ಎಂದ. ಶಂಭುಲಿಂಗ ಹೊರಗೆ ಬೇವಿನ ಮರದ ಕೆಳಗೆ ಕಾದರು.

ಕಾಯುತ್ತ ಅವರು ಯೋಚಿಸಿದ್ದು ಕೀಲಿಯ ವಿಷಯ. ಕೋಲ್ಡ್ ಸ್ಟೋರೇಜಿಗೆ ಇದ್ದ ಕೀಲಿ ಎರಡು. ಒಂದು ಮಹಮ್ಮದಗೌಸನದು, ಆಸ್ಪತ್ರೆಗೆ ಹೋದಾಗಲೂ ತನ್ನ ಕಿಸೆಯಲ್ಲೇ ಇತ್ತೆಂದು ಅವನೇ ಪೊಲೀಸರಿಗೆ ಹೇಳಿದ್ದ. ಇನ್ನೊಂದು ಕಿರಣಕುಮಾರನ ತಿಜೋರಿಯಲ್ಲಿ. ದೊಡ್ಡಪ್ಪ ಇನ್ನು ಬಂದು ಇಲ್ಲವೆನ್ನುವುದಿಲ್ಲ ಎಂದು ಖಾತ್ರಿ ಇದ್ದವನೇ ಆ 'ಹಾಜರು' ಬರೆಸಿಯಾನು. ಸಭೆಗಿಂತ ಮೊದಲೇ ಕೊಲೆಯಾಗಿದ್ದರೆ ಆ ಬಾಗಿಲು ತೆರೆದದ್ದು ತಿಜೋರಿಯ ಕೀಲಿಯಿಂದಲೇ. ಬೆಳಗಿನಿಂದ ಸಭೆಯವರೆಗೆ ಕಿರಣಕುಮಾರ ಎಲ್ಲಿದ್ದ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯ ಬಿದ್ದಿರಲಿಲ್ಲ.

ಋಷಿಕೇಶ ಹೊರಗೆ ಬಂದಾಗ ಅವನ ಮುಖ ಜ್ವರ ಬಿಟ್ಟವನಂತಿತ್ತು.

"ಬರದು ಕೊಟ್ಟೆ. ಎಲ್ಲಾ ಕೊಟ್ಟೆ. ಇನ್ನ ಸನದು ಹೋದ್ರೂ ಹೋಗ್ಲಿ." ಆಮೇಲೆ ಜೈಲಿನ ದಿಕ್ಕಿಗೆ ತಿರುಗಿ ಹೇಳಿದ: "ಶಂಭಣ್ಣಾ, ಆ ಮನಶ್ಯಾನ ಮಾರಿ ನೋಡಬೇಕಾಗೇದ. ಕೈ ಮುಗೀಬೇಕಾಗೇದ. ಬರ್ತೀರೇನು?"

ಜೈಲಿನ ಅಧಿಕಾರಿ ಶಂಭುಲಿಂಗರ ಕೈಕೆಳಗೆ ಕೆಲಸ ಮಾಡಿದ್ದವನ ತಮ್ಮ. ಭೇಟಿಗೆ ತಡವಾಗಲಿಲ್ಲ.

ಭೇಟಿ ಕೋಣೆಯ ಕಬ್ಬಿಣದ ಜಾಳಿಗೆಯ ಆಚೆ ಬಂದು ನಿಂತ ಮಹಮ್ಮದಗೌಸ ತಿಂಗಳಲ್ಲಿ ಅರ್ಧ ಆಗಿದ್ದ. ಶಂಭುಲಿಂಗರನ್ನು ಕಂಡು ಸಲಾಮು ಮಾಡಿದ. ಆ ಸಲಾಮು ಕಪಾಳಕ್ಕೆ ಹೊಡೆದಂತಾಯಿತು.

"ಗೌಸಣ್ಣಾ, ಕೂಸು ಹೆಂಗೈತಿ?"

"ಛಲೋ ಐತಂತ್ರಿ. ನಗಾಕ ಕಲ್ತೈತಂತ."

"ನಾಳೆ ನಾಡಿದ್ದು ನೀನಽ ನೋಡ್ತೀಯಪಾ. ನಾ ತಪ್ಪು ಮಾಡಿದೆ. ಅವತ್ತು ಸಭಾಕ್ಕ ನಿಮ್ಮ ದಣಿ ಬಂದಽ ಇರಲಿಲ್ಲ. ಬರಿ ಶಲ್ಯ ಇತ್ತು. ಅವರು ಅಷ್ಟೊತ್ತಿಗಾಗಲೇ ಸತ್ತಿದ್ರು. ನೀ ಆವಾಗ ಆಸ್ಪತ್ರ್ಯಾಗ ಇದ್ದಿ. ವಕೀಲ್ರು ಈಗಷ್ಟ ಪೊಲೀಸ್ರಿಗೆ ಬರದು ಕೊಟ್ಟು ಬಂದಾರ."

ಋಷಿಕೇಶ ಕೈ ಜೋಡಿಸಿ ನಿಂತಿದ್ದ.

ಮಹಮ್ಮದಗೌಸ ಇಬ್ಬರನ್ನೂ ನೋಡಿದ. ಅವನ ಮುಖದಲ್ಲಿ ಬರಬೇಕಾಗಿದ್ದ ಬೆಳಕು ಬರಲಿಲ್ಲ. ಇದ್ದ ರಕ್ತವೂ ಇಳಿದುಹೋಯಿತು. ಜಾಳಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಯಾಕ ಕೊಟ್ರಿ?" ಎಂದ.

"ಏನಂದಿ?"

"ಯಾಕ ಕೊಟ್ರಿ ಯಪ್ಪಾ? ನಿಮಗ ಯಾರು ಕೇಳಿದ್ರು? ನಾ ಇಲ್ಲಿ ಛಲೋ ಇದ್ನೆಲ್ರಿ! ನಾ ಏನರೆ ಬಾಯಿ ಬಿಟ್ಟಿದ್ನೇನು? ಒಂದು ದಿನಾ ಒದರಿದ್ನೇನು?"

ಶಂಭುಲಿಂಗ ನೆನಪಿಸಿಕೊಂಡರು. ನಿಜ. ಒಂದು ದಿನವೂ ಇವನು ತಾನು ನಿರಪರಾಧಿ ಎಂದು ಕೂಗಿರಲಿಲ್ಲ. ಅದನ್ನೂ ಅವರು ತಪ್ಪೊಪ್ಪಿಗೆಯ ಲಕ್ಷಣವೆಂದೇ ಎಣಿಸಿದ್ದರು.

"ಗೌಸಣ್ಣಾ, ಏನು ಮುಚ್ಚಿಟ್ಟೀ?"

ಅವನು ಕಾವಲುಗಾರನತ್ತ ಒಮ್ಮೆ ನೋಡಿ ಜಾಳಿಗೆಗೆ ಮುಖ ತಂದ.

"ಕೀಲಿ ನನ್ನ ಕಿಸೇದಾಗ ಇರಲಿಲ್ರಿ. ಹೆಂಡ್ತಿಗೆ ಬ್ಯಾನಿ ಬಂತು ಅಂದ್ರೂ ದಣೇರು ರಜಾ ಕೊಟ್ಟಿರಲಿಲ್ಲ. ಬೈದಾಡಿದ್ವಿ. ಅದಕ್ಕ ಯಾರಿಗೂ ಹೇಳದ ನನ್ನ ತಮ್ಮ ಅಸ್ಲಮನ್ನ ನನ್ನ ಬದ್ಲಿ ಮಶಿನ್ ಮುಂದ ಕುಂದ್ರಿಸಿ ಹೋಗಿದ್ದೆ. ಕೀಲಿ ಅವನ ಕಡೆ ಇತ್ತು. ದಿನಾಪೂರ್ತಿ."

ಶಂಭುಲಿಂಗ ಜಾಳಿಗೆಗೆ ಕಿವಿ ಹಚ್ಚಿದರು.

"ಸಂಜಿಮುಂದ ನಾ ಹೋದಾಗ ಅಂವಾ ಬಾಗಲಾ ಹಿಡದು ನಿಂತು ನಡಗಾಕತ್ತಿದ್ದ. 'ಏನಾತೋ' ಅಂದ್ರ ಅಳ್ತಾನ. 'ಯಾರು ಬಂದಿದ್ರು' ಅಂದ್ರ ಹೇಳವಲ್ಲ. ಮರುದಿನ ಹೆಣಾ ಸಿಕ್ತು. ಆವಾಗ ತಿಳೀತು ನನಗ. ಆದ್ರ ನೀವು, 'ಸಭಾ ಮುಗಿದ ಮ್ಯಾಲೆ ಆಗೈತಿ, ಇವನಽ ಮಾಡ್ಯಾನ' ಅಂದ್ರೆಲ್ಲಾ ಸಾಹೇಬ್ರ, ಅಲ್ಲಾನ ಆಣಿ ಮಾಡಿ ಹೇಳ್ತೇನಿ, ನಿಮ್ಮ ಕಾಲಿಗೆ ಬೀಳಬೇಕನಿಸಿತ್ತು. ನನ್ನ ಮ್ಯಾಲೆ ಬಂದ್ರ ಬರ್ಲಿ. ಅಂವಾ ಉಳೀತಾನ ಅಂತ."

"ಅಸ್ಲಮ್ ಕೊಲಿ ಮಾಡಾಂವೇನು?"

"ಕೋಳಿ ಕುತಿಗಿ ಹಿಡ್ಯಾಂವಲ್ರಿ ಅಂವಾ! ಆದ್ರ ಈಗ ಪೊಲೀಸ್ರು ಕೇಳ್ತಾರಲ್ಲಾ, ಸಭಾಕ್ಕಿಂತ ಮೊದಲ ಕೀಲಿ ಯಾರ ಕಡೆ ಇತ್ತು ಅಂತ? ಏನು ಹೇಳ್ಲಿ ನಾನು?"

ಶಂಭುಲಿಂಗ ಜಾಳಿಗೆಯ ಚೌಕಟ್ಟು ಹಿಡಿದುಕೊಂಡರು. ಮೊದಲ ಸಲ ಅವಸರದಿಂದ ಅಣ್ಣನನ್ನು ಒಳಗೆ ಹಾಕಿಸಿದರು. ಎರಡನೆಯ ಸಲ ಪುಣ್ಯ ಕಟ್ಟಿಕೊಳ್ಳುವ ಅವಸರದಿಂದ ತಮ್ಮನ ಕೊರಳಿಗೆ ಹಗ್ಗ ಎಳೆದಿದ್ದರು. ಶಿವನೇ, ಈ ಕೈಯಿಂದ ಒಳ್ಳೆಯದನ್ನು ಮಾಡಿಸಲು ನಿನಗೂ ಮನಸ್ಸಿಲ್ಲವೇ?

"ಅಸ್ಲಮನ್ನ ನಾ ಮಾತಾಡಸ್ತೇನಿ," ಎಂದರು. "ಅವತ್ತು ಒಳಗ ಯಾರು ಬಂದಿದ್ರು ಅಂತ ಅಂವಾ ಒಂದು ಮಾತು ಅಂದ್ರ ನೀವಿಬ್ಬರೂ ಉಳೀತೀರಿ. ಎಲ್ಲಿ ಅದಾನ ಈಗ?"

"ಕುಪ್ಪೇಲೂರಾಗ. ಕಿರಣ ಸಾವಕಾರ್ರ ತ್ವಾಟದ ಮನ್ಯಾಗ."

"ಕಿರಣಕುಮಾರನ ಹಂತೇಲಿ?"

"ನನ್ನ ಹಿಡದ ಮರುದಿನಽ ಅವರಽ ಕರ್ಕೊಂಡು ಹೋಗಿ ಇಟ್ಕೊಂಡಾರ. 'ನೀ ಒಳಗ ಬಾಯಿ ಮುಚ್ಚಿಕೊಂಡು ಇರೋತನಾ ನಿನ್ನ ತಮ್ಮ ನನ್ನ ಹಂತೇಲಿ ಸುಖದಿಂದ ಇರ್ತಾನ' ಅಂತ ಹೇಳಿ ಕಳಿಸ್ಯಾರ."

ಈಗ ಎಲ್ಲವೂ ಶಂಭುಲಿಂಗರಿಗೆ ಬೆಳಕಿನಷ್ಟು ಸ್ಪಷ್ಟವಾಯಿತು. ಅಸ್ಲಮನ ಬಾಯೊಂದೇ ಉಳಿದ ಸಾಕ್ಷಿ. ಆ ಬಾಯಿ ಯಾರ ಕೈಯಲ್ಲಿದೆಯೋ ಅವನಿಗೇ ಅದನ್ನು ಮುಚ್ಚಿಸಬೇಕಾದ ಕಾರಣವೂ ಇತ್ತು. ಹೇಳಿಕೆಯ ಸುದ್ದಿ ಕಚೇರಿಯಿಂದ ಹೊರಬೀಳಲು ಸಂಜೆಯಾದೀತು. ಅಷ್ಟರೊಳಗೆ ಕುಪ್ಪೇಲೂರು ಮುಟ್ಟಬಹುದು.

"ಋಷಿ, ಲಗೂ ನಡಿ. ಗಾಡಿ ತಗೊಂಡು ಹೋಗೂಣು. ಕಿರಣಗ ಇನ್ನೂ ಸುದ್ದಿ ಹತ್ತಿರಾಕಿಲ್ಲ."

ಋಷಿಕೇಶ ಕದಲಲಿಲ್ಲ. ಜೋಡಿಸಿದ್ದ ಕೈಗಳು ಇನ್ನೂ ಜೋಡಿಸಿದಂತೆಯೇ ಇದ್ದವು.

"ಹತ್ತೇದ," ಎಂದ.

"ಏನು?"

"ಪಕ್ಷಗಾರಗ ಒಂದು ಮಾತು ತಿಳಿಸದ ಅವರ ವಿರುದ್ಧ ಬರದು ಕೊಡೂದು ವಕೀಲನ ಧರ್ಮ ಅಲ್ಲ ಅನ್ನಿಸ್ತು, ಶಂಭಣ್ಣಾ. ಇಷ್ಟು ದಿನಾ ಒಂದೂ ನೆಟ್ಟಗ ಮಾಡಿಲ್ಲ, ಇದನ್ನಾದ್ರೂ ನೆಟ್ಟಗ ಮಾಡೂಣು ಅಂತ. ಸಹಿ ಹಾಕೂಕಿಂತ ಮೊದಲ ಅಲ್ಲೇ ಕೂತು ಕಿರಣಗ ಫೋನ್ ಮಾಡಿದೆ. ಏನು ಬರದೀನಿ, ಎಲ್ಲಾ ಓದಿ ಹೇಳಿದೆ."

ಜಾಳಿಗೆಯ ಆಚೆ ಮಹಮ್ಮದಗೌಸ ನೆಲಕ್ಕೆ ಕುಸಿದ ಸಪ್ಪಳವಾಯಿತು.

"ಏನಂದ ಅಂವಾ?" ಶಂಭುಲಿಂಗ ಋಷಿಕೇಶನ ತೋಳು ಹಿಡಿದರು.

"'ಮೊದಲಽ ತಿಳಿಸಿ ಛಲೋ ಮಾಡಿದ್ರಿ ವಕೀಲ್ರ' ಅಂದ. ಫೋನ್ ಇಡೂದು ಮರತಿದ್ದ. ಯಾರನ್ನೋ ಕೂಗಿ ಕರದದ್ದು ಕೇಳಿಸ್ತು. 'ಅಸ್ಲಮ್, ಬಾ, ಗಾಡಿ ಹತ್ತು' ಅಂತ."